ಹನ್ನೊಂದು ಸೆಕೆಂಡು

ಮುಂದಿನ ಸೀಟಿನಲ್ಲಿ ಕೂತಿದ್ದ ಮನುಷ್ಯನ ಕತ್ತನ್ನೇ ಮಾರೆನ್ ನೋಡುತ್ತಿದ್ದಳು. ಹಡಗು ಸ್ವೆಂಡ್‌ಬೋರ್ಗ್ ಬಂದರು ಬಿಟ್ಟು ಕಾಲು ಗಂಟೆಯಾಗಿತ್ತು. ಮಡಿಲ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಮಧ್ಯಾಹ್ನದ ಭಾಷಣಕ್ಕೆ ಮಾಡಿಕೊಂಡಿದ್ದ ಏಳು ಪುಟಗಳು ತೆರೆದುಕೊಂಡಿದ್ದವು. ಮೊದಲನೆಯದರ ಮೇಲೆ ‘ಕಿಗ್: ಸಣ್ಣ ಅಂಗಡಿಯವರು ತಿಳಿದಿರಬೇಕಾದದ್ದು’ ಎಂದು ದಪ್ಪಕ್ಷರದಲ್ಲಿತ್ತು. ಅದನ್ನು ಇನ್ನೊಮ್ಮೆ ಓದಿಕೊಳ್ಳಬೇಕೆಂದೇ ಅವಳು ಸಮುದ್ರ ಕಾಣುವ ಕಿಟಕಿ ಬಿಟ್ಟು ಒಳಬದಿಯ ಸೀಟು ಹಿಡಿದಿದ್ದಳು. ಆದರೆ ಕಣ್ಣು ಹೋಗಿ ಆ ಕತ್ತಿನ ಮೇಲೆ ಕೂತಿತ್ತು. ಕೂದಲು ಮುಗಿಯುವ ಜಾಗ ಅಳತೆಗೋಲಿಟ್ಟು ಎಳೆದ ಹಾಗೆ ನೇರವಾಗಿತ್ತು, ಎರಡು ಕೊನೆಗಳಲ್ಲಿ ಮಾತ್ರ ಉಗುರಿನಷ್ಟು ದುಂಡಗಾಗಿತ್ತು. ಈಗಿನವರು ಯಾರೂ ಹಾಗೆ ಮಾಡುವುದಿಲ್ಲ. ಯಂತ್ರ ಹಿಡಿದು ಒಂದು ಸಲ ಸವರಿ ಕಳಿಸಿಬಿಡುತ್ತಾರೆ. ಇದು ಕ್ಷೌರದ ಕತ್ತಿ ತೆಗೆದ ಗೆರೆ. ಇಪ್ಪತ್ತೆರಡು ವರ್ಷ ತನ್ನ ಚೀಸ್ ಅಂಗಡಿಯ ಕಿಟಕಿಯಲ್ಲಿ ನಿಂತು, ರಸ್ತೆಯಾಚೆಯ ಸಲೂನಿನ ಕಿಟಕಿಯೊಳಗೆ ಇಂಥ ಕತ್ತುಗಳು ಒಂದಾದ ಮೇಲೊಂದು ಸಿದ್ಧವಾಗುವುದನ್ನು ನೋಡಿದವಳು ಅವಳು. ಹಾಗಾದರೆ ಆ ಸಲೂನಿನ ಪ್ರೇಬೆನ್ ಇನ್ನೂ ಕತ್ತಿ ಹಿಡಿಯುತ್ತಿದ್ದಾನೆ ಅಂದುಕೊಂಡಳು. ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಅವನು ಏರೋ ದ್ವೀಪದಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ವೃದ್ಧಾಶ್ರಮದಲ್ಲಿ ವಾರಕ್ಕೆರಡು ದಿನ, ಉಳಿದ ದಿನ ಮನೆಮನೆಗೆ ಹೋಗಿ ಕೂದಲು ಕತ್ತರಿಸುತ್ತಾನೆಂದು ಯಾರೋ ಹೇಳಿದ್ದರು. ದ್ವೀಪದ ವರ್ತಕರ ಸಂಘದ ಟೋರ್ಕಿಲ್ ಈ ಜನವರಿಯಲ್ಲಿ ಫೋನ್ ಮಾಡಿ, ನಿಮ್ಮ ಬೀದಿ ಹೇಗೆ ಎದ್ದು ನಿಂತಿತೆಂದು ನಮ್ಮವರಿಗೂ ಬಂದು ಹೇಳಬೇಕು ಎಂದಾಗ, ಫೆಬ್ರವರಿಯಲ್ಲಿ ಕಷ್ಟ ಎನ್ನಲು ಬಾಯಿ ತೆರೆದವಳು ಆಗಲಿ ಎಂದುಬಿಟ್ಟಿದ್ದಳು. ಬರುವುದಿಲ್ಲ ಎಂದಿದ್ದರೆ ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಆದರೂ ಯಾರೋ ಕೇಳಿದ ಹಾಗೆ, ತಾನು ಉತ್ತರ ಹುಡುಕುತ್ತಿರುವ ಹಾಗೆ ಅನ್ನಿಸಿತ್ತು. ಹೋಗುವುದು ಭಾಷಣಕ್ಕೆ, ಅವನನ್ನು ನೋಡಲಿಕ್ಕಲ್ಲ ಎಂದು ಅಂದಿನಿಂದ ದಿನಕ್ಕೊಮ್ಮೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮುಂದಿನ ಸೀಟಿನವನು ಕತ್ತು ಕೆರೆದುಕೊಂಡ. ಅವಳು ಸಿಕ್ಕಿಬಿದ್ದವಳಂತೆ ಪರದೆಯ ಕಡೆ ತಿರುಗಿದಳು.

ಎರಡನೆಯ ಪುಟ: ಸಾಮಾನು ಓಡುವುದಿಲ್ಲ, ಮನುಷ್ಯರು ಓಡುತ್ತಾರೆ. ಒಡೆನ್ಸೆಯಲ್ಲಿ ಒಂದು ದಿನದ ತರಬೇತಿಯಲ್ಲಿ ಕಲಿತ ಮಾತು ಅದು. ಆಗ ಕಿಗ್ ದೇಶಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಹೆಸರಿನ ಅರ್ಥವೇ ‘ಇಣುಕು’. ಫೋನಿನೊಳಗೆ ಪುಟ್ಟ ಪುಟ್ಟ ವಿಡಿಯೊ ಚಿತ್ರಗಳು, ಮೊದಲು ನೆರೆಹೊರೆಯವರಿಗೆ ಕಾಣಿಸುತ್ತವೆ, ಅವರು ನಿಂತು ನೋಡಿದರೆ ಪಕ್ಕದ ಊರಿಗೆ, ಅಲ್ಲೂ ನಿಂತರೆ ಇನ್ನೂ ಆಚೆಗೆ. ಎಷ್ಟು ಜನ ಮೆಚ್ಚಿದರು ಎಂಬುದು ಮುಖ್ಯವಲ್ಲ, ಎಷ್ಟು ಹೊತ್ತು ನಿಂತರು ಎಂಬುದು ಮುಖ್ಯ ಎಂದು ತರಬೇತಿಯವಳು ಮತ್ತೆ ಮತ್ತೆ ಹೇಳಿದ್ದಳು. ಚೊಕ್ಕವಾದದ್ದರ ಮೇಲೆ ಕಣ್ಣು ಜಾರಿಬಿಡುತ್ತದೆ, ಕಣ್ಣು ಎಡವುವಂಥದ್ದೇನಾದರೂ ಇರಲಿ ಎಂದಿದ್ದಳು. ಮಾರೆನ್ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು. ಬೀದಿಯಲ್ಲಿ ಆ ವರ್ಷ ಮೂರು ಅಂಗಡಿ ಮುಚ್ಚಿದ್ದವು. ಒಳಗೆ ಬಂದವರೂ ‘ಸುಮ್ಮನೆ ನೋಡ್ತಿದ್ದೀನಿ’ ಎಂದು ಹೇಳಿ, ಬಾಗಿಲ ಗಂಟೆ ಬಾರಿಸಿಕೊಂಡು ಹೊರಟುಹೋಗುತ್ತಿದ್ದರು. ಬೀದಿಯ ಸಂಘಕ್ಕೆ ಅವಳೇ ಅಧ್ಯಕ್ಷೆ. ಹನ್ನೊಂದು ಅಂಗಡಿಗೂ ಒಂದೊಂದು ಚಿತ್ರ ತಾನೇ ತೆಗೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಯಾರ ಕೇಡಿಗೂ ಅಲ್ಲ. ಈ ‘ಯಾರ ಕೇಡಿಗೂ ಅಲ್ಲ’ ಎಂಬ ಮಾತನ್ನು ಎಷ್ಟು ಸಲ ಉಪಯೋಗಿಸಿದ್ದಳೆಂದರೆ, ಅದು ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂತಾಗಿತ್ತು.

ಪ್ರೇಬೆನ್‌ಗೆ ಉಗ್ಗು. ಮಾತು ಕಡಿಮೆ ಎಂಬುದಕ್ಕೇ ಅವನಲ್ಲಿಗೆ ಬರುವವರಿದ್ದರು. ಅರ್ಧ ಗಂಟೆ ಹವಾಮಾನ, ಫುಟ್‌ಬಾಲ್ ಯಾವುದರ ಬಗ್ಗೆಯೂ ಬಾಯಿ ಬಿಡದೆ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿರಬಹುದು ಎಂದು ಬ್ಯಾಂಕಿನವರು, ಶಾಲೆಯ ಮೇಷ್ಟ್ರುಗಳು ಬರುತ್ತಿದ್ದರು. ಅವನಿಗೆ ಎಲ್ಲಕ್ಕಿಂತ ಕಷ್ಟವಾದ ಶಬ್ದ ಅವನ ಹೆಸರೇ. ಫೋನ್ ಎತ್ತಿದರೆ ‘ಸಲೂನ್’ ಎನ್ನುತ್ತಿದ್ದ, ಹೆಸರು ಹೇಳುತ್ತಿರಲಿಲ್ಲ. ಇದು ಬೀದಿಗೆಲ್ಲ ಗೊತ್ತು, ಮಾರೆನ್‌ಗೂ ಗೊತ್ತು. ಆದರೂ ನವೆಂಬರಿನ ಆ ಬೆಳಗ್ಗೆ ಫೋನ್ ಹಿಡಿದುಕೊಂಡು ಅವನ ಮುಂದೆ ನಿಂತು, ಅವನು ತನ್ನ ಬಾಯಿಯನ್ನು ತೋರಿಸಿ ನಗುತ್ತಾ ಕೈಯಾಡಿಸಿ ಬೇಡವೆಂದಾಗ, ಬರೀ ಹೆಸರು ಹೇಳು ಸಾಕು ಎಂದು ಒತ್ತಾಯಿಸಿದ್ದಳು. ಅವನು ಹೇಳಿದ. ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿಕೊಂಡು, ಕೈಯಲ್ಲಿದ್ದ ಕತ್ತರಿ ಗಾಳಿಯಲ್ಲೇ ತೆರೆದು ಮುಚ್ಚಿ ತೆರೆದು ಮುಚ್ಚಿ, ಹನ್ನೊಂದು ಸೆಕೆಂಡು ತುಟಿಯ ಮೇಲೇ ನಿಂತಿದ್ದ ಹೆಸರು ಕೊನೆಗೆ ಹೊರಗೆ ಬಿತ್ತು. ಆಮೇಲೆ ಅವನು ನಕ್ಕ. ಆ ನಗು ಚೆನ್ನಾಗಿತ್ತು. ಅದು ಚೆನ್ನಾಗಿತ್ತೆಂಬುದನ್ನು ಅವಳು ಈಗಲೂ ಅಲ್ಲಗಳೆಯಲಾರಳು, ಅದೇ ಕಷ್ಟ. ಕುರೂಪವಾಗಿದ್ದಿದ್ದರೆ ಅಳಿಸಿಬಿಡುತ್ತಿದ್ದಳು. ಕಿಗ್‌ಗೆ ಹಾಕಲಾ ಎಂದು ಕೇಳಿದ್ದಳು. ನೆಲದ ಕೂದಲು ಗುಡಿಸುತ್ತಿದ್ದವನು ತಲೆಯೆತ್ತದೆ, ನಿನಗೆ ಗೊತ್ತು ಎಂದಿದ್ದ. ನಿನಗೆ ಗೊತ್ತು. ಈ ಎರಡು ಮಾತು ಒಪ್ಪಿಗೆಯೋ, ಬೇಡಿಕೆಯೋ, ಎಚ್ಚರಿಕೆಯೋ ಎಂದು ಆಗ ಯೋಚಿಸಿರಲಿಲ್ಲ. ಅವನ ಮೇಲೆ ಮಮತೆಯಿಂದಲೇ ಹಾಕಿದ್ದಳು, ಹಾಕುವಾಗ ಬೆರಳು ಒಂದು ಕ್ಷಣ ತಡೆದದ್ದೂ ನಿಜ.

ಹಡಗು ದ್ವೀಪಗಳ ನಡುವೆ ನುಸುಳುತ್ತಿತ್ತು. ಯಾರೋ ಕಾಫಿ ತಂದುಕೊಂಡು ಪಕ್ಕದಲ್ಲಿ ಕೂತರು. ಚಿತ್ರ ಹಾಕಿದ ಮೊದಲ ದಿನ ಬಂದದ್ದೆಲ್ಲ ಒಳ್ಳೆಯ ಮಾತುಗಳೇ. ನಮ್ಮ ಪ್ರೇಬೆನ್, ಚಿನ್ನದಂಥ ಮನುಷ್ಯ, ನನ್ನ ಮೊದಲ ಕ್ಷೌರ ಮಾಡಿದವನು. ಎರಡನೆಯ ದಿನ ಸಂಜೆ, ಅಂಗಡಿಯ ಹಿಂದಿನ ತಣ್ಣನೆಯ ಕೋಣೆಯಲ್ಲಿ ಗಾಲಿಯಾಕಾರದ ಚೀಸಿನ ದೊಡ್ಡ ಗಟ್ಟಿಗಳನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತಾ ಫೋನ್ ತೆರೆದಾಗ, ಪ್ರೇಬೆನ್‌ನ ಮುಖದ ಪಕ್ಕದಲ್ಲಿ ಇನ್ನೊಂದು ಮುಖವಿತ್ತು. ಕಿಗ್‌ನಲ್ಲಿ ಅದಕ್ಕೆ ‘ಜೊತೆ’ ಎನ್ನುತ್ತಾರೆ. ಯಾರ ಚಿತ್ರದ ಪಕ್ಕಕ್ಕೂ ಯಾರು ಬೇಕಾದರೂ ತಮ್ಮದನ್ನು ಅಂಟಿಸಬಹುದು. ಕತ್ತರಿಯ ಬದಲು ಅಡಿಗೆಮನೆಯ ಇಕ್ಕುಳ ಹಿಡಿದು, ಗಲ್ಲವೆತ್ತಿ, ಕಣ್ಣು ಮುಚ್ಚಿ, ಒಬ್ಬಳು ಹನ್ನೊಂದು ಸೆಕೆಂಡು ತನ್ನ ಹೆಸರನ್ನು ಉಗ್ಗುತ್ತಿದ್ದಳು. ಅದರ ಕೆಳಗೆ ಇನ್ನೊಬ್ಬ. ಅದರ ಕೆಳಗೆ ಒಂದು ಆಫೀಸಿನವರೆಲ್ಲ ಸಾಲಾಗಿ. ಮಾರೆನ್ ಒದ್ದೆಬಟ್ಟೆಯನ್ನು ಕೆಳಗಿಟ್ಟಳು. ಈಗಲೇ ತೆಗೆಯಬೇಕು ಅಂದುಕೊಂಡಳು. ಆ ಮಾತು ಮನಸ್ಸಿನಲ್ಲಿ ಸ್ಪಷ್ಟವಾಗಿ ಮೂಡಿತ್ತು, ಅದಕ್ಕೆ ಅವಳೇ ಸಾಕ್ಷಿ. ಆದರೆ ನಾಳೆ ಅಡ್ವೆಂಟಿನ, ಕ್ರಿಸ್‌ಮಸ್‌ಗೆ ಮುಂಚಿನ ವಾರಗಳ, ಮೊದಲ ಶನಿವಾರ. ಆ ನಾಳೆ ಬಂದಾಗ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಡೆನ್ಸೆಯಿಂದ, ನ್ಯೂಬೋರ್ಗ್‌ನಿಂದ ಜನ ಬಂದಿದ್ದರು. ಸಲೂನಿನ ಗಾಜಿಗೆ ಮೂಗು ಒತ್ತಿ ನೋಡಿ, ಹಾಗೇ ತಿರುಗಿ ಎದುರಿನ ಅಂಗಡಿಗೆ ಬಂದು ಚೀಸು ಕೊಂಡರು. ಕುಂಬಾರಿಕೆ ಅಂಗಡಿಯವಳು ಓಡಿಬಂದು ಅವಳನ್ನು ತಬ್ಬಿಕೊಂಡಿದ್ದಳು. ಭಾನುವಾರ ತೆಗೆದರಾಯಿತು. ಮುಂದಿನ ವಾರ. ಕ್ರಿಸ್‌ಮಸ್ ಒಂದು ಕಳೆಯಲಿ. ಡಿಸೆಂಬರ್ ಇಪ್ಪತ್ತೇಳಕ್ಕೆ ತೆಗೆದಳು. ತೆಗೆದದ್ದು ತನ್ನ ಪುಟದಿಂದ ಮಾತ್ರ. ಉಳಿದವರ ಪುಟಗಳಲ್ಲಿ ಅವನು ಗಲ್ಲವೆತ್ತಿಕೊಂಡು ಹಾಗೇ ನಿಂತಿದ್ದ, ಈಗಲೂ ನಿಂತಿದ್ದಾನೆ.

ಆ ಚಳಿಗಾಲ ಜನವರಿಯಲ್ಲೂ ಹುಡುಗ ಹುಡುಗಿಯರು ಬಂದು ಅವನ ಕುರ್ಚಿಯಲ್ಲಿ ಕೂತು, ಮೈಗೆ ಹೊದಿಸಿದ ಬಟ್ಟೆಯ ಸಂದಿಯಿಂದ ಫೋನಿನ ಕಣ್ಣು ಹೊರಗಿಟ್ಟು, ನಿನ್ನ ಹೆಸರೇನು ಎಂದು ಕೇಳುತ್ತಿದ್ದರು. ಅವನು ಕನ್ನಡಿಯ ಮೂಲೆಗೆ ತನ್ನ ಹೆಸರು ಬರೆದ ಚೀಟಿ ಅಂಟಿಸಿ ಅದನ್ನು ಬಾಚಣಿಗೆಯಿಂದ ತೋರಿಸತೊಡಗಿದ. ಹಳೆಯ ಗಿರಾಕಿಗಳು, ಮೌನಕ್ಕೆ ಬರುತ್ತಿದ್ದವರು, ಬರುವುದು ಬಿಟ್ಟರು. ಮಾರ್ಚಿನಲ್ಲಿ ಒಂದು ವ್ಯಾನು ಬಂತು. ಕ್ಷೌರದ ಕುರ್ಚಿ ಅಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೂರು ಜನ ಹಿಡಿದರೂ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ರಸ್ತೆ ದಾಟಲು ಆರು ಹೆಜ್ಜೆ. ಅವಳು ಕಿಟಕಿಯ ಕಟ್ಟೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಒರೆಸಿ, ವ್ಯಾನು ಹೋಗುವವರೆಗೂ ಒರೆಸುತ್ತಲೇ ಇದ್ದಳು.

ಏರೋಸ್ಕೋಬಿಂಗ್ ಬಂದರಿನಲ್ಲಿ ಟೋರ್ಕಿಲ್ ಕಾದಿದ್ದ. ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಯವನು, ನಲವತ್ತರ ಆಸುಪಾಸು, ಉತ್ಸಾಹದ ಆಸಾಮಿ. ಟೋಪಿ ತೆಗೆದು ಕೈಕುಲುಕಿದಾಗ ಅವನ ಕಿವಿಯ ಹಿಂದೆಯೂ ಅದೇ ಗೆರೆ ಕಂಡಿತು. ದಾರಿಯುದ್ದಕ್ಕೂ ಅವನು ಬೇಸಿಗೆಯಲ್ಲಿ ಬರುವ ಜರ್ಮನ್ ಪ್ರವಾಸಿಗಳ ಬಗ್ಗೆ, ಚಳಿಗಾಲದ ಎಂಟು ತಿಂಗಳು ಈ ದ್ವೀಪದಲ್ಲಿ ಅಂಗಡಿ ಇಟ್ಟುಕೊಂಡವನ ಪಾಡಿನ ಬಗ್ಗೆ ಹೇಳುತ್ತಾ ಬಂದ. ಚಳಿಗಾಲ ಎಂಟು ತಿಂಗಳಿರುವುದಿಲ್ಲವಲ್ಲ ಎಂದು ಅವಳು ಅಂದದ್ದಕ್ಕೆ, ನಮ್ಮಲ್ಲಿ ಇರುತ್ತೆ ಎಂದು ನಕ್ಕ. ಪ್ರೇಬೆನ್‌ನ ಸುದ್ದಿ ಅವನು ಎತ್ತಲಿಲ್ಲ. ಅವನಿಗೆ ಗೊತ್ತಿಲ್ಲ ಎಂದು ಅವಳು ನಿರ್ಧರಿಸಿಕೊಂಡಳು. ಹಾಗೆ ನಿರ್ಧರಿಸಿಕೊಂಡ ಮೇಲೆ ಹೆಜ್ಜೆ ಹಗುರವಾಯಿತು.

ಗ್ರಂಥಾಲಯದ ಹಿಂದಿನ ಸಭಾಂಗಣದಲ್ಲಿ ಮೂವತ್ತು ಜನರಿದ್ದರು. ಮೇಜಿನ ಮೇಲೆ ಕಾಫಿ ಫ್ಲಾಸ್ಕು, ಒಂದು ತಟ್ಟೆ ತುಂಬ ಫೆಬ್ರವರಿಯ ಹಬ್ಬಕ್ಕೆಂದು ಮಾಡುವ ಕೆನೆ ತುಂಬಿದ ಬನ್ನುಗಳು. ಅವಳು ಹೇಳಬೇಕಾದದ್ದನ್ನೆಲ್ಲ ಹೇಳಿದಳು: ವಾರಕ್ಕೆ ನಾಲ್ಕು ಸಲ ಹಾಕಬೇಕು, ಬೆಳಗ್ಗೆ ಏಳಕ್ಕೂ ಸಂಜೆ ಐದಕ್ಕೂ, ಮೊದಲ ಎರಡು ಸೆಕೆಂಡಿನಲ್ಲಿ ಮುಖ ಕಾಣಬೇಕು, ಬೆಲೆ ಬರೆಯಬೇಡಿ, ಕೈ ತೋರಿಸಿ, ಕೆಲಸ ಮಾಡುವ ಕೈಯನ್ನು ಜನ ನಿಂತು ನೋಡುತ್ತಾರೆ, ಕೆಟ್ಟ ಮಾತು ಬಂದರೆ ಜಗಳಕ್ಕಿಳಿಯಬೇಡಿ. ಅವಳ ದನಿ ತನ್ನಷ್ಟಕ್ಕೆ ಸಾಗುತ್ತಿತ್ತು. ಜನ ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳಲು ಬಗ್ಗಿದ ತಲೆಗಳನ್ನು ನೋಡುತ್ತಾ, ಇವುಗಳಲ್ಲಿ ಎಷ್ಟು ಅವನ ಕೈಯವು ಎಂದು ತಾನು ಎಣಿಸುತ್ತಿರುವುದು ಅರಿವಾಗಿ ಒಂದು ವಾಕ್ಯ ತಪ್ಪಿತು. ನೀರು ಕುಡಿದು ಮುಂದುವರಿಸಿದಳು. ಕೊನೆಯ ಪುಟ ಮುಗಿದು ಪ್ರಶ್ನೆಗಳಿದ್ದರೆ ಕೇಳಿ ಎಂದಾಗ, ಎರಡನೆಯ ಸಾಲಿನಲ್ಲಿದ್ದ ಒಬ್ಬಳು ಎದ್ದು ನಿಂತಳು. ಹೆಸರು ಸಿಡ್ಸೆಲ್, ಮೂವತ್ತು ದಾಟಿರಲಾರದು. ಬಂದರಿನ ಹತ್ತಿರ ಮೀನಿಗೆ ಹೊಗೆ ಹಾಕಿ ಮಾರುವ ಅಂಗಡಿಯನ್ನು ಅಪ್ಪನ ಜೊತೆ ನಡೆಸುತ್ತಾಳಂತೆ.

“ನಮ್ಮಪ್ಪಂಗೆ ಕಿವಿ ಕೇಳಲ್ಲ,” ಎಂದಳು ಸಿಡ್ಸೆಲ್. “ಗಿರಾಕಿಗಳ ಹತ್ರ ಕಿರುಚ್ಕೊಂಡೇ ಮಾತಾಡ್ತಾರೆ. ಅವರು ಹೆರಿಂಗ್ ಕೇಳಿದ್ರೆ ಇವರು ಹಾವುಮೀನು ಕಟ್ಟಿಕೊಡ್ತಾರೆ, ಆಮೇಲೆ ಜಗಳ. ನೋಡೋಕೆ ಬಲೇ ತಮಾಷೆ. ನೀವು ಹೇಳಿದ ಹಾಗೆ ಕಣ್ಣು ಎಡವುತ್ತೆ. ಅದನ್ನ ತೆಗೆದು ಹಾಕಿದ್ರೆ ಓಡುತ್ತೆ ಅಲ್ವಾ?”

ಎಲ್ಲರೂ ನಕ್ಕರು. ಓಡುತ್ತದೆ. ಮೂರು ದಿನದಲ್ಲಿ ದೇಶವೆಲ್ಲ ಓಡುತ್ತದೆ ಎಂದು ಮಾರೆನ್‌ಗೆ ಗೊತ್ತಿತ್ತು. ಅಪ್ಪನನ್ನು ಮೊದಲು ಕೇಳು ಎನ್ನಬಹುದಿತ್ತು, ಅಷ್ಟೇ ಹೇಳಿ ಕೂರಬಹುದಿತ್ತು. ಆದರೆ ತಾನೂ ಪ್ರೇಬೆನ್‌ನನ್ನು ಕೇಳಿದ್ದಳಲ್ಲ. ಕೇಳಿಯೇ ಹಾಕಿದ್ದಳಲ್ಲ. ಅವಳು ಪರದೆಯ ಪುಟ ತಿರುಗಿಸುವ ರಿಮೋಟನ್ನು ಮೇಜಿನ ಮೇಲಿಟ್ಟು, ಹಾಕಬೇಡ ಎಂದಳು. ಆಮೇಲೆ, ತಡೆಯಲಾಗದೆ, ಕಾರಣ ಹೇಳತೊಡಗಿದಳು. ನನ್ನ ಬೀದಿಯಲ್ಲಿ ಒಬ್ಬ ನೆರೆಯವನಿದ್ದ ಎಂದು ಶುರುಮಾಡಿದಳು. ಹೆಸರು ಹೇಳಲಿಲ್ಲ, ಕಸುಬು ಹೇಳಲಿಲ್ಲ. ಮಾತಿನಲ್ಲಿ ಒಂದು ತೊಡಕಿತ್ತು ಎಂದಷ್ಟೇ ಹೇಳಿದಳು. ಹನ್ನೊಂದು ಸೆಕೆಂಡು, ಜೊತೆಗೆ ಅಂಟಿದ ಮುಖಗಳು, ಗಾಜಿಗೆ ಒತ್ತಿದ ಮೂಗುಗಳು, ಹೊಸ್ತಿಲಲ್ಲಿ ಸಿಕ್ಕಿಕೊಂಡ ವಸ್ತು, ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೋದಂತೆ ಸಭಾಂಗಣ ಸ್ತಬ್ಧವಾಯಿತು. ಒಬ್ಬರೂ ಪೆನ್ನು ಮುಟ್ಟುತ್ತಿರಲಿಲ್ಲ. ಭಾಷಣದಲ್ಲಿ ಎಲ್ಲೂ ಇಷ್ಟು ಹಿಡಿತ ಸಿಕ್ಕಿರಲಿಲ್ಲವೆಂದು ಮನಸ್ಸಿನ ಒಂದು ಮೂಲೆ ಗಮನಿಸಿಕೊಂಡಿತು, ಆ ಮೂಲೆಯ ಬಗ್ಗೆ ಅವಳಿಗೆ ಹೇಸಿಗೆಯಾಯಿತು, ಆದರೂ ದನಿ ನಿಲ್ಲಲಿಲ್ಲ. ಎರಡನೆಯ ದಿನವೇ ಗೊತ್ತಾಗಿತ್ತೆಂಬುದನ್ನು ಮಾತ್ರ ಹೇಳಲಿಲ್ಲ. ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು ಎಂದಳು. ಅವನೊಂದು ಮಾತು ಹೇಳಿದ್ದರೆ ಆ ಗಳಿಗೆಯೇ ತೆಗೆಯುತ್ತಿದ್ದೆ, ಅವನು ಒಮ್ಮೆಯೂ ಕೇಳಲಿಲ್ಲ ಎಂದಳು. ಅದು ನಿಜವಾಗಿತ್ತು. ಅವಳು ಇಷ್ಟು ದಿನ ಉಸಿರಾಡಿಕೊಂಡಿದ್ದು ಆ ಒಂದು ನಿಜದ ಮೇಲೆ.

ಜನ ಚಪ್ಪಾಳೆ ತಟ್ಟಿದರು. ಜೋರಾಗಿ ಅಲ್ಲ, ತುಸು ತಡೆದು. ಸಿಡ್ಸೆಲ್ ತಟ್ಟದೆ ಕೂತಿದ್ದಳು, ಅವಳ ಮುಖ ಕೆಂಪಾಗಿತ್ತು. ಜನ ಕಾಫಿಯ ಕಡೆ ಹೊರಟ ಮೇಲೆ ಟೋರ್ಕಿಲ್ ಫೋನ್ ಹಿಡಿದುಕೊಂಡು ಬಂದ. ಕೊನೆಯ ಭಾಗವನ್ನು ತೆಗೆದಿದ್ದೇನೆ, ಬೆಳಕೂ ಚೆನ್ನಾಗಿ ಬಿದ್ದಿದೆ, ಒಂದು ಕಡೆಯಂತೂ ನಿನ್ನ ಗಂಟಲು ಕಟ್ಟಿಕೊಳ್ಳುತ್ತದೆ, ಸಂಘದ ಪುಟಕ್ಕೆ ಇಂದೇ ಹಾಕಿದರೆ ದೇಶವೆಲ್ಲ ನಿಂತು ನೋಡುತ್ತದೆ ಎಂದ. ಅವಳು ಬೇಡವೆಂದಳು. ಅವನು ಬಿಡಲಿಲ್ಲ, ನಿಜವಾದದ್ದೇ ಓಡುವುದು ಎಂದು ಈಗತಾನೇ ನೀನೇ ಕಲಿಸಿದೆಯಲ್ಲ, ಒಳ್ಳೆಯದಕ್ಕೇ ತಾನೆ, ಯಾರ ಕೇಡಿಗೂ ಅಲ್ಲವಲ್ಲ ಎಂದ. ಮಾರೆನ್ ಅವನ ಮೊಣಕೈ ಹಿಡಿದಳು. ಹಿಡಿತ ಬಿಗಿಯಾಗಿದ್ದಿರಬೇಕು, ಅವನ ಕಾಫಿ ಚೆಲ್ಲಿತು. ಅಳಿಸಿಬಿಡು ಎಂದಳು. ಅವನು ಮುಖ ಸಪ್ಪಗೆ ಮಾಡಿಕೊಂಡು ಪರದೆಯ ಮೇಲೆ ಬೆರಳಾಡಿಸಿ ಫೋನನ್ನು ಜೇಬಿಗೆ ಹಾಕಿದ. ಅಳಿಸಿದನೋ ಇಲ್ಲವೋ ಅವಳಿಗೆ ಕಾಣಲಿಲ್ಲ. ತೋರಿಸು ಎನ್ನಲು ನಾಚಿಕೆಯಾಯಿತು.

“ಸರಿ ಬಿಡು. ಅವನನ್ನ ನೋಡಿ ಹೋಗ್ತೀಯಾ?” ಎಂದ ಟೋರ್ಕಿಲ್.

ಯಾರನ್ನು ಎಂದು ಅವಳು ಕೇಳಿದಳು.

“ಪ್ರೇಬೆನ್‌ನ. ಮಂಗಳವಾರ ಆಶ್ರಮದಲ್ಲೇ ಇರ್ತಾನೆ.” ಅವನು ಅಂಗಿಯ ತೋಳಿನ ಕಾಫಿಯನ್ನು ಕಾಗದದಿಂದ ಒತ್ತುತ್ತಾ ಅವಳನ್ನು ನೋಡಿದ, ಆ ನೋಟದಲ್ಲಿ ವ್ಯಂಗ್ಯವೇನೂ ಇರಲಿಲ್ಲ. “ಹೆಸರು ಹೇಳದಿದ್ದರೆ ಗೊತ್ತಾಗಲ್ವಾ? ಇಲ್ಲಿ ಅರ್ಧ ಜನಕ್ಕೆ ಕೂದಲು ಕತ್ತರಿಸೋನು ಅವನೇ.”

ಹಾಗಾದರೆ ಅಷ್ಟು ಹೊತ್ತೂ ಅವರಿಗೆಲ್ಲ ಗೊತ್ತಿತ್ತು. ‘ಒಬ್ಬ ನೆರೆಯವನು’ ಎಂದಾಗಲೇ ಗೊತ್ತಿತ್ತು. ತನ್ನ ಮಾತಿನ ಬಲಕ್ಕೆ ಸಭೆ ಸ್ತಬ್ಧವಾಯಿತೆಂದು ಅಂದುಕೊಂಡಿದ್ದಳು. ಅವರು ಮರ್ಯಾದೆಗೆ ಸುಮ್ಮನಿದ್ದರು, ನೆಂಟರ ಮನೆಯಲ್ಲಿ ಅತಿಥಿ ಏನೋ ಅಸಹ್ಯವಾಗಿ ಮಾಡಿದಾಗ ಸುಮ್ಮನಿರುವ ಹಾಗೆ. ಸಂಜೆಯೊಳಗೆ ಇದು ಅವನ ಕಿವಿಗೆ ಬೀಳುತ್ತದೆ. ಮತ್ತೊಂದು ಸಲ ಅವನನ್ನು ಮೂವತ್ತು ಜನರ ಮುಂದೆ ನಿಲ್ಲಿಸಿ ಉಗ್ಗಿಸಿದ್ದಳು, ಈ ಸಲ ಕೇಳದೆ. ಅವಳು ಕೋಟು ಹಾಕಿಕೊಂಡಳು. ಗುಂಡಿಗಳು ಒಂದು ತಪ್ಪಿ ಒಂದಕ್ಕೆ ಬಿದ್ದವು.

ಆಶ್ರಮಕ್ಕೆ ಹತ್ತು ನಿಮಿಷದ ದಾರಿ. ಗಾಳಿ ಸಮುದ್ರದ ಕಡೆಯಿಂದ ನೇರ ಬೀಸುತ್ತಿತ್ತು. ಹಿಂದಿರುಗಿ ಹೋಗಬಹುದೆಂದು ಪ್ರತಿ ತಿರುವಿನಲ್ಲೂ ಅನ್ನಿಸಿತು, ಪ್ರತಿ ತಿರುವಿನಲ್ಲೂ ಕಾಲು ಮುಂದೆ ಹೋಯಿತು. ಏನು ಹೇಳುವುದೆಂದು ಯೋಚಿಸಿದಳು. ಎದುರಿಗೆ ಬಂದ ಪ್ರತಿ ವಾಕ್ಯವೂ ಭಾಷಣದ ಪುಟದಂತೆ ನೀಟಾಗಿತ್ತು. ಒಳಗೆ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಬಾಗಿಲು ಅರ್ಧ ತೆರೆದ ಒಂದು ಚಿಕ್ಕ ಕೋಣೆ; ಗಾಲಿಕುರ್ಚಿಯಲ್ಲಿ ಕೂತವರಿಗೆ ಸರಿಹೋಗುವಷ್ಟು ತಗ್ಗಿಗೆ ಹಾಕಿದ ಕನ್ನಡಿ. ಕನ್ನಡಿಯಲ್ಲಿ ಪ್ರೇಬೆನ್‌ಗೆ ಅವಳು ಮೊದಲು ಕಂಡಳು. ತೆಳ್ಳಗಾಗಿದ್ದ. ಕತ್ತರಿ ನಿಲ್ಲಲಿಲ್ಲ. ಕುರ್ಚಿಯಲ್ಲಿದ್ದ ಮುದುಕಿ, ತೊಂಬತ್ತಾದರೂ ಇರಬೇಕು, ಇದು ಯಾರು ಎಂದು ಅವನನ್ನು ಕೇಳಿದಳು. ಸ್ವೆಂಡ್‌ಬೋರ್ಗಿನಲ್ಲಿ ಎದುರು ಅಂಗಡಿಯವಳು ಎಂದು ಅವನು ನಿಧಾನವಾಗಿ ಹೇಳಿ ಮುಗಿಸಿದ. ಮುದುಕಿ ಕನ್ನಡಿಯಲ್ಲೇ ಮಾರೆನ್‌ಳನ್ನು ಮೇಲಿಂದ ಕೆಳಗೆ ನೋಡಿದಳು.

“ಸಾಲು ಇದೆ ಅಂತ ಹೇಳು ಅವಳಿಗೆ,” ಎಂದಳು. “ಊರಿಂದ ಬಂದವರು ಅಂತ ಮುಂದೆ ನುಗ್ಗೋಹಾಗಿಲ್ಲ.”

“ಇಲ್ಲ ಡಾಗ್ನಿ, ಕೂದಲಿಗೆ ಬಂದಿಲ್ಲ ಅವಳು,” ಎಂದ ಪ್ರೇಬೆನ್. ‘ಡಾಗ್ನಿ’ಯ ಹತ್ತಿರ ಸ್ವಲ್ಪ ತಡೆಯಿತು, ದಾಟಿತು.

ಮಾರೆನ್ ಬಾಗಿಲ ಚೌಕಟ್ಟಿಗೆ ಭುಜ ಒತ್ತಿ ನಿಂತಿದ್ದಳು. ಗ್ರಂಥಾಲಯದಲ್ಲಿ ಏನು ಹೇಳಿದೆನೆಂದು ಮೊದಲು ಹೇಳಿದಳು, ಸಂಜೆಯೊಳಗೆ ನಿನಗೆ ತಿಳಿಯುತ್ತದೆ, ನನ್ನಿಂದಲೇ ತಿಳಿಯಲಿ ಎಂದು. ಅವನು ತಲೆಯಾಡಿಸಿದ. ಅಲ್ಲಿ ಹೇಳದೆ ಬಿಟ್ಟದ್ದನ್ನು ಆಮೇಲೆ ಹೇಳಿದಳು.

“ಎರಡನೇ ದಿನವೇ ಗೊತ್ತಾಗಿತ್ತು ನನಗೆ. ಏನು ಮಾಡ್ತಿದ್ದಾರೆ ಅಂತ ನೋಡಿದ್ದೆ. ವ್ಯಾಪಾರ ಆಗ್ತಿತ್ತು, ಅದಕ್ಕೇ ಬಿಟ್ಟೆ. ಕ್ರಿಸ್‌ಮಸ್ ಕಳೀಲಿ ಅಂತ ಬಿಟ್ಟೆ.” ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಬಾಯಿಗೆ ಅಭ್ಯಾಸವಾಗಿದ್ದ ಮಾತು ತಾನಾಗಿ ಮುಂದೆ ಬಂತು: “ನೀನು ಒಂದು ಮಾತು ಹೇಳಿದ್ದಿದ್ರೆ, ಪ್ರೇಬೆನ್...”

ಕತ್ತರಿ ನಿಂತಿತು.

“ಬ... ಬಂದಿದ್ದೆ,” ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ಕತ್ತರಿಯನ್ನು ಮುದುಕಿಯ ಭುಜದ ಮೇಲಿನ ಬಟ್ಟೆಗೆ ಒರೆಸಿ, ಅವಸರವಿಲ್ಲದೆ, ನಿಂತು ನಿಂತು ಹೇಳಿದ. ಡಿಸೆಂಬರ್ ಹದಿಮೂರು, ಲೂಸಿಯಾ ದಿನ. ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಮೇಣದ ಬತ್ತಿ ಹಿಡಿದು ಬೀದಿಯಲ್ಲಿ ಹೋದರಲ್ಲ, ಆ ಮಧ್ಯಾಹ್ನ. ಅಂಗಡಿಗೆ ಬೀಗ ಹಾಕಿ ರಸ್ತೆ ದಾಟಿ ಬಂದು ನಿನ್ನ ಸಾಲಿನಲ್ಲಿ ನಿಂತೆ. ಮುಂದೆ ಆರು ಜನ. ಹೇಳಬೇಕಾದದ್ದನ್ನು ಅಷ್ಟು ಹೊತ್ತೂ ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ನನ್ನ ಸರದಿ ಬಂತು.

“ತೆಗೆದುಬಿಡು ಅಂತ ಹೇಳೋಕೆ ಬಂದಿದ್ದೆ,” ಎಂದ. “‘ತೆ’ ಅಂದೆ. ಅಲ್ಲೇ ಸಿಕ್ಕಿಕೊಂಡೆ.”

ಅವಳಿಗೆ ನೆನಪಾಯಿತು. ನೆನಪಾದದ್ದಲ್ಲ, ಅದು ಎಂದೂ ಮರೆತುಹೋಗಿರಲಿಲ್ಲ. ಬೇರೆ ಜಾಗದಲ್ಲಿ, ಒಳ್ಳೆಯದು ಮಾಡಿದ ನೆನಪುಗಳ ನಡುವೆ, ಜೋಪಾನವಾಗಿತ್ತು. ಅವನ ಮುಖ ಕೆಂಪಗಿತ್ತು, ಚಳಿಗೆ ಎಂದುಕೊಂಡಿದ್ದಳು. ತೆ, ತೆ, ಎನ್ನುತ್ತಾ ಗಲ್ಲವೆತ್ತಿದ. ಅವನ ಹಿಂದೆ ಸಾಲಿನಲ್ಲಿದ್ದವರು ಅವನನ್ನು ಗುರುತು ಹಿಡಿದಿದ್ದರು, ಒಂದು ಫೋನು ಮೇಲೆದ್ದಿತ್ತು, ಇನ್ನೊಂದು ಏಳುತ್ತಿತ್ತು. ಅವನನ್ನು ಅವರಿಂದ ಉಳಿಸಬೇಕೆಂದೇ, ಮರುಕದಿಂದಲೇ, ಅವಳು ಥಟ್ಟನೆ ಮಾತು ಮುಗಿಸಿಕೊಟ್ಟಿದ್ದಳು: ತೆಳ್ಳಗೆ ತಾನೆ, ಗೊತ್ತು ಬಿಡು. ಸೀಮೆಜೀರಿಗೆ ಹಾಕಿದ ಹಳೆಯ ಚೀಸು, ಅವನು ಯಾವಾಗಲೂ ಕೊಳ್ಳುತ್ತಿದ್ದದ್ದು, ತೆಳ್ಳಗೆ ಹೆಚ್ಚಿ, ಕಾಗದದಲ್ಲಿ ಸುತ್ತಿ, ಹಬ್ಬಕ್ಕೆ ನನ್ನ ಕಡೆಯಿಂದ ಎಂದು ಅವನ ಕೈಗಿಟ್ಟು ಬೆನ್ನು ತಟ್ಟಿ ಕಳಿಸಿದ್ದಳು. ಅವನು ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದ್ದ. ಕೃತಜ್ಞತೆ ಎಂದುಕೊಂಡಿದ್ದಳು. ಆ ಸಂಜೆ ಮನೆಯಲ್ಲಿ ಆ ಸಂಗತಿಯನ್ನು ಹೇಳಿಕೊಂಡೂ ಇದ್ದಳು.

ಡಾಗ್ನಿ ಕನ್ನಡಿಯೊಳಗಿಂದ ಇಬ್ಬರನ್ನೂ ನೋಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಒಗೆಯುವ ಯಂತ್ರ ತಿರುಗುತ್ತಿತ್ತು.

“ಏನು ಮಾಡ್ದೆ ಅದನ್ನ?” ಎಂದು ಮಾರೆನ್ ಕೇಳಿದಳು. ಇಷ್ಟೆಲ್ಲದರ ನಡುವೆ ಅದನ್ನೇ ಯಾಕೆ ಕೇಳಿದಳೋ ಅವಳಿಗೆ ತಿಳಿಯಲಿಲ್ಲ.

“ತಿಂದೆ,” ಎಂದ ಪ್ರೇಬೆನ್. ಸ್ವಲ್ಪ ತಡೆದು, “ಅರ್ಧ ಕಿಲೋ ಇತ್ತು. ಹೊಸ ವರ್ಷದ ತನಕ ಬಂತು.”

ಅವನು ಕತ್ತರಿ ಕೆಳಗಿಟ್ಟು, ಕತ್ತಿ ಎತ್ತಿಕೊಂಡು, ಮುದುಕಿಯ ತಲೆಯನ್ನು ಎರಡು ಬೆರಳಿನಿಂದ ಮುಂದಕ್ಕೆ ಬಾಗಿಸಿದ. ಬಿಳಿಯ, ಹಕ್ಕಿಯದಷ್ಟು ಸಣ್ಣ ಕತ್ತು. ಕತ್ತಿ ಅಲ್ಲಿಗೆ ತಾಗುವ ಮುನ್ನ ಅವನು ಮತ್ತೆ ಕನ್ನಡಿಯಲ್ಲಿ ಮಾರೆನ್‌ಳ ಕಡೆ ನೋಡಿದ. ಏನೋ ಹೇಳಲು ಹೊರಟ, ಗಲ್ಲ ಮೇಲೆದ್ದಿತು.

“ಬಾ...” ಎಂದ. “ಬಾ...”

ಅವಳ ಕಣ್ಣು ತುಂಬಿಬಂತು. ಅವಳು ಚೌಕಟ್ಟು ಬಿಟ್ಟು ಒಳಗೆ ಒಂದು ಹೆಜ್ಜೆ ಇಟ್ಟಳು, ಕೈ ಆಗಲೇ ಕೋಟಿನ ಗುಂಡಿಗೆ ಹೋಗಿತ್ತು.

“...ಬಾಗಿಲು ಹಾಕ್ಕೊಂಡು ಹೋಗು. ಡಾಗ್ನಿಗೆ ಗಾಳಿ ಹೊಡೀತಿದೆ.”

ಹಾಕಿಕೊಂಡು ಹೋದಳು.